ರೇಡಿಯೇಟರಿಗೆ ಅರಿಶಿನ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಿವಮೊಗ್ಗದ ಬಿಸಿಲಲ್ಲಿ ಅರ್ಧ ಬೆಂದು ಮನೆಗೆ ಬಂದವನು, ಕಾರು ನಿಲ್ಲಿಸಿ ಗೇಟು ಹಾಕುವಾಗ ಸುಮ್ಮನೆ ಒಮ್ಮೆ ಹಿಂದಿರುಗಿ ನೋಡಿದೆ. ನೋಡದೇ ಇದ್ದಿದ್ದರೆ ಒಂಬತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಅತ್ತೆಯವರ ಮುಂದೆ ಇದ್ದಬದ್ದ ಮರ್ಯಾದೆಯೂ ಉಳಿಯುತ್ತಿತ್ತು. ಕಾರಿನ ಎಡಗಡೆ, ಮುಂದಿನ ಸೀಟಿನ ನೇರಕ್ಕೆ ಕೆಳಗೆ, ಸಿಮೆಂಟಿನ ನೆಲದ ಮೇಲೆ ಅಂಗೈಯಗಲದ ಒದ್ದೆ. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಹನಿ ಟಪ್ಪೆಂದು ಬಿತ್ತು.

ಕಾರಿಗೆ ಹನ್ನೊಂದು ವರ್ಷ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಈ ಕಥೆಯಲ್ಲಿ ಅದರ ತಪ್ಪು ಒಂದೂ ಇಲ್ಲ, ಪಾಪದ ಗಾಡಿ. ಅಷ್ಟು ವರ್ಷ ನಾನು ಅದರ ಬಾನೆಟ್ ಎತ್ತಿದ್ದು ಆಯುಧ ಪೂಜೆಯ ದಿನ ಮಾತ್ರ, ಇಂಜಿನ್ನಿಗೆ ಒಂದು ಕುಂಕುಮದ ಬೊಟ್ಟಿಡಲು. ಆದರೆ ಹಿಂದಿನ ವಾರವಷ್ಟೇ ಮೊಬೈಲಿನಲ್ಲಿ ಕಾರು ರಿಪೇರಿಯ ವಿಡಿಯೋ ನೋಡುವ ಚಟ ಅಂಟಿಕೊಂಡಿತ್ತು. ಹೊಸದಾಗಿ ಜಾತಕ ನೋಡಲು ಕಲಿತವನಿಗೆ ಕಂಡಕಂಡವರ ಕುಂಡಲಿಯಲ್ಲೆಲ್ಲ ಶನಿಯೇ ಕಾಣುವ ಹಾಗೆ, ಆ ಹನಿಯಲ್ಲಿ ನನಗೆ ಕಂಡದ್ದು ಕೂಲಂಟ್.

"ಕೂಲಂಟ್ ಲೀಕ್ ಆಗ್ತಿದೆ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದೆ.

ನನ್ನ ಹೆಂಡತಿ ಹೆಬ್ರಿಯವಳು. ಯಾವ ಸುದ್ದಿಗೂ ಕೈಯಲ್ಲಿದ್ದ ಸೌಟು ಕೆಳಗಿಡುವವಳಲ್ಲ. "ಎಸಿ ಹಾಕ್ಕೊಂಡು ಬಂದ್ರಾ?" ಎಂದಳು.

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಎಂತ ಇಲ್ಲ. ಕೇಳಿದೆ ಅಷ್ಟೆ."

ಆ ಪ್ರಶ್ನೆಗೆ ಅಲ್ಲೇ ಹೌದು ಎಂದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ನಾನು ವಿಷಯದಲ್ಲಿ ಪಾರಂಗತನಾಗಿದ್ದೆ. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಗಾಡಿ ಓಡಿಸಲು ಒದಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು, ಇನ್ನೊಂದು ಪಾಲು ಸೈಲೆನ್ಸರಿನಿಂದ ಆಚೆ ಹೋಗುತ್ತದೆ, ಮತ್ತೊಂದು ಪಾಲನ್ನು ಈ ಕೂಲಂಟ್ ಎಂಬ ನೀರು ಹೊತ್ತುಕೊಂಡು ರೇಡಿಯೇಟರಿಗೆ ತಂದು ಗಾಳಿಗೆ ಬಿಡುತ್ತದೆ ಎಂದು ತಟ್ಟೆಯ ಅನ್ನವನ್ನು ಮೂರು ಗುಡ್ಡೆ ಮಾಡಿ ವಿವರಿಸಿದೆ. "ನಿಮ್ಮ ಸಂಬಳದ ಹಾಗೇ ಆಯ್ತಲ್ಲ," ಎಂದಳು.

ಮರುದಿನದಿಂದ ತನಿಖೆ. ಮೊದಲನೆಯದು ರಟ್ಟಿನ ಪರೀಕ್ಷೆ. ರಾತ್ರಿ ಕಾರಿನ ಕೆಳಗೆ ದೊಡ್ಡದೊಂದು ರಟ್ಟು ಹಾಸಿಟ್ಟರೆ ಬೆಳಗಾಗುವಷ್ಟರಲ್ಲಿ ಕಲೆ ಬಿದ್ದಿರುತ್ತದೆ, ಕಲೆಯ ನೇರಕ್ಕೆ ಮೇಲೆ ನೋಡಿದರೆ ತೂತು ಸಿಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಒಣಗಿ ಹಪ್ಪಳದಂತಿತ್ತು. ಬುದ್ಧಿಯಿರುವವನು ಅಲ್ಲಿಗೆ ಬಿಡುತ್ತಿದ್ದ. ನಾನು ಪೇಟೆಗೆ ಒಂದು ಸುತ್ತು ಹೋಗಿಬಂದು ಮತ್ತೆ ರಟ್ಟು ಹಾಸಿದೆ. ಐದೇ ನಿಮಿಷಕ್ಕೆ ಒದ್ದೆ! ಓಡಿದರೆ ಸೋರುತ್ತದೆ, ನಿಂತರೆ ನಿಲ್ಲುತ್ತದೆ. ಕಳ್ಳ ಲೀಕು ಎಂದು ತೀರ್ಮಾನಿಸಿದೆ.

ಕೂಲಂಟಿಗೆ ಬಣ್ಣ ಇರುತ್ತದೆ. ಹಸಿರು, ಗುಲಾಬಿ, ನೀಲಿ, ಕಂಪನಿಗೊಂದು ಬಣ್ಣ. ಬೆರಳಿಗೆ ಹಚ್ಚಿಕೊಂಡರೆ ಜಾರುತ್ತದೆ, ಮೂಗಿಗೆ ಸಿಹಿ ವಾಸನೆ ಹೊಡೆಯುತ್ತದೆ. ರುಚಿಯೂ ಸಿಹಿಯಂತೆ. ಎಥಿಲೀನ್ ಗ್ಲೈಕಾಲ್ ಎಂಬ ಘೋರ ವಿಷ ಅದು. ಆ ಸಿಹಿಗೆ ಆಸೆಪಟ್ಟು ನೆಕ್ಕಿದ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುವುದುಂಟು. ನಮ್ಮ ಗಾಡಿಯದ್ದು ಹಸಿರು ಬಣ್ಣದ್ದು. ರಟ್ಟಿನ ಮೇಲಿದ್ದದ್ದಕ್ಕೋ ಬಣ್ಣವಿಲ್ಲ, ಜಾರಿಕೆಯಿಲ್ಲ, ವಾಸನೆಯಿಲ್ಲ. ಅಪ್ಪಟ ನೀರು. ಇದರಿಂದ ನಾನು ತೆಗೆದ ನಿರ್ಣಯ ಏನೆಂದರೆ, ಕೂಲಂಟ್ ಹಳತಾಗಿ ಸತ್ವ ಕಳೆದುಕೊಂಡಿದೆ. ಈ ವಾಕ್ಯವನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾನೆಟ್ ಎತ್ತಿ ಕೂಲಂಟಿನ ಡಬ್ಬಿ ನೋಡಿದೆ. ರೇಡಿಯೇಟರಿನ ಪಕ್ಕದಲ್ಲಿರುವ ಮಾಸಲು ಬಿಳಿಯ ಪ್ಲಾಸ್ಟಿಕ್ ಡಬ್ಬಿ ಅದು. ಮೈಮೇಲೆ ಎರಡು ಗೆರೆ, ಕೆಳಗಿನದು ಮಿನ್, ಮೇಲಿನದು ಮ್ಯಾಕ್ಸ್. ಹಸಿರು ನೀರು ಎರಡರ ನಟ್ಟನಡುವೆ ಇತ್ತು. ಇರಬೇಕಾದದ್ದೇ ಅಲ್ಲಿ. ಅದು ಕಡಿಮೆ ಎಂದು ನನಗೆ ತೋರಿತು. ಅತಿಥಿಗೆ ಅರ್ಧ ಲೋಟ ಕಾಫಿ ಕೊಡುವ ವಂಶ ನಮ್ಮದಲ್ಲ, ಕಂಠಮಟ್ಟ ತುಂಬಿಸಿದೆ. ಇಂಜಿನ್ ಕಾದಾಗ ಕೂಲಂಟ್ ಹಿಗ್ಗಿ ರೇಡಿಯೇಟರಿನಿಂದ ಆ ಡಬ್ಬಿಗೆ ಬರುತ್ತದೆ, ಆರಿದಾಗ ರೇಡಿಯೇಟರ್ ಅದನ್ನು ವಾಪಸು ಹೀರಿಕೊಳ್ಳುತ್ತದೆ. ಹಾಗೆ ಬಂದುಹೋಗುವ ನೀರಿಗೆ ಜಾಗ ಬೇಕೆಂದೇ ಮೇಲೆ ಖಾಲಿ ಬಿಟ್ಟಿರುತ್ತಾರೆ. ನಾನು ಜಾಗ ಬಿಟ್ಟಿರಲಿಲ್ಲ. ಹಿಗ್ಗಿದ ನೀರು ಎಲ್ಲಿಗೆ ಹೋಗಬೇಕು? ಡಬ್ಬಿಯ ಕುತ್ತಿಗೆಯಲ್ಲಿ ಉಕ್ಕಿ ಚೆಲ್ಲಿತು. ಮರುದಿನ ನೋಡಿದರೆ ಡಬ್ಬಿ ಕಡಿಮೆ! ಮತ್ತೆ ತುಂಬಿಸಿದೆ. ಮತ್ತೆ ಉಕ್ಕಿತು. ಮೂರನೇ ದಿನ ನೆಲದ ಮೇಲೆ ಹಸಿರು ಹನಿಗಳೂ ಕಂಡವು. "ನೋಡು, ನಾನು ಹೇಳಿರಲಿಲ್ವಾ?" ಎಂದು ಹೆಂಡತಿಯನ್ನು ಕರೆದು ತೋರಿಸಿದೆ. ಹೀಗೆ ದಿನಕ್ಕೆ ಕಾಲು ಲೀಟರಿನಂತೆ ಎರಡು ವಾರ ನಾನೇ ಸುರಿದು, ನಾನೇ ಚೆಲ್ಲಿಸಿ, ನಾನೇ ಗಾಬರಿಯಾದೆ.

ಆಮೇಲೆ ಒಂದೊಂದೇ ಅಂಗದ ಮೇಲೆ ಸಂಶಯ. ಭಾನುವಾರ ವಾಟರ್ ಪಂಪ್. ಅದರ ಸೀಲ್ ಸವೆದರೆ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತದಂತೆ, ಅಪಾಯದ ಸೂಚನೆಗೆಂದೇ ಕೊಟ್ಟ ತೂತು. ಹುಡುಕಲು ಕೆಳಗೆ ನುಸುಳಿದವನ ಅಂಗಿ ಯಾವುದಕ್ಕೋ ಸಿಕ್ಕಿಕೊಂಡು, ಮಗಳು ಕಾಲು ಹಿಡಿದೆಳೆದು ಹೊರತೆಗೆಯಬೇಕಾಯಿತು. ತೂತು ಸಿಗಲಿಲ್ಲ.

ಸೋಮವಾರ ಹೆಡ್ ಗ್ಯಾಸ್ಕೆಟ್. ಇದು ಕ್ಯಾನ್ಸರ್ ಇದ್ದ ಹಾಗೆ. ವಿಡಿಯೋದವರೆಲ್ಲ ದನಿ ತಗ್ಗಿಸಿಯೇ ಇದರ ಹೆಸರು ಹೇಳುತ್ತಾರೆ. ಇಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಈ ಹಾಳೆ ಹರಿದರೆ ಕೂಲಂಟ್ ಒಳಗೊಳಗೇ ಆಯಿಲಿಗೆ ಸೇರುತ್ತದೆ, ಆಯಿಲ್ ಮುಚ್ಚಳದಲ್ಲಿ ಕೆನೆಗಟ್ಟಿದ ಕಾಫಿಯಂಥದ್ದು ಅಂಟಿರುತ್ತದೆ. ಹೋಗಿ ನೋಡಿದೆ. ಮುಚ್ಚಳದ ಅಂಚಿನಲ್ಲಿ ಕೆನೆಗಟ್ಟಿದ ಕಾಫಿ! ಎದೆ ಧಸಕ್ಕೆಂದಿತು. ಬೆರಳಲ್ಲಿ ತೆಗೆದುಕೊಂಡು ಒಳಗೆ ಓಡಿದೆ.

"ಹೆಡ್ ಗ್ಯಾಸ್ಕೆಟ್ ಹೋಯ್ತು. ಮೂವತ್ತು ಸಾವಿರ."

"ಕುಕ್ಕರಿನ ಗ್ಯಾಸ್ಕೆಟ್ ನೂರು ರೂಪಾಯಿಗೆ ಸಿಗ್ತದೆ," ಎನ್ನುತ್ತ ಅವಳು ನನ್ನ ಬೆರಳು ಮೂಸಿದಳು. "ಇದು ಕಾಫಿ. ಚಿಕೋರಿ ಜಾಸ್ತಿ ಇದ್ದದ್ದು. ಬೆಳಿಗ್ಗೆ ಲೋಟ ಎಲ್ಲಿಟ್ಟುಕೊಂಡು ಕೂತಿದ್ರಿ?"

ಲೋಟ ಇಂಜಿನ್ನಿನ ಮೇಲೆಯೇ ಇತ್ತು.

ಇಷ್ಟಾದ ಮೇಲಾದರೂ ಸುಮ್ಮನಿರಬೇಕಿತ್ತು. ಆದರೆ ಆಯುಧ ಕೈಗೆ ಬಂದಿತ್ತು. ಟೂಲ್ ಡಬ್ಬಿ ಕೊಂಡಿದ್ದೆ. ರಬ್ಬರ್ ಹೋಸ್ ಸೇರುವ ಕಡೆಯಲ್ಲೆಲ್ಲ ಒಂದೊಂದು ಕ್ಲಿಪ್ ಇರುತ್ತದೆ, ತಗಡಿನ ಪಟ್ಟಿಗೊಂದು ಸ್ಕ್ರೂ. ಸಡಿಲವಾದರೆ ಅಲ್ಲಿಂದ ಸೋರುತ್ತದೆ. ಯಾವುದೂ ಸಡಿಲವಿರಲಿಲ್ಲ. ಆದರೂ ಮನಸ್ಸಿನ ಸಮಾಧಾನಕ್ಕೆ ಕೈಗೆ ಸಿಕ್ಕ ಕ್ಲಿಪ್ಪಿಗೆಲ್ಲ ಒಂದೊಂದು ಸುತ್ತು ಕೊಟ್ಟೆ. ರೇಡಿಯೇಟರಿನ ಮೇಲಿನ ಹೋಸಿಗೆ, ಕೈಗೆ ಚೆನ್ನಾಗಿ ಎಟಕುತ್ತಿತ್ತು ನೋಡಿ, ಎರಡು ಸುತ್ತು. ಎರಡನೇ ಸುತ್ತಿನ ಕೊನೆಗೆ 'ಚಟ್' ಎಂದು ಸಣ್ಣ ಸದ್ದಾಯಿತು. ಬಿಗಿಯಾಗಿ ಕೂತಿತು ಎಂದುಕೊಂಡೆ. ಈಗಿನ ರೇಡಿಯೇಟರುಗಳಲ್ಲಿ ನಡುವಿನ ಜಾಲರಿ ಮಾತ್ರ ಅಲ್ಯುಮಿನಿಯಂ, ಎರಡೂ ತುದಿಯ ಟ್ಯಾಂಕ್ ಮತ್ತು ಹೋಸ್ ಸಿಕ್ಕಿಸುವ ಮೂತಿ ಪ್ಲಾಸ್ಟಿಕ್ಕು, ಹನ್ನೊಂದು ವರ್ಷ ಕಾದು ಆರಿ ಬಿಸ್ಕತ್ತಿನಂತಾಗಿರುತ್ತದೆ ಎಂಬ ಜ್ಞಾನ ಆಮೇಲೆ ಬಂದದ್ದು.

ಮೇ ತಿಂಗಳ ಎರಡನೇ ವಾರ ಹೆಬ್ರಿಗೆ ಹೊರಟೆವು. ತೀರ್ಥಹಳ್ಳಿ, ಆಗುಂಬೆ ದಾಟಿ ಘಾಟಿ ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಇಳಿಜಾರಿನಲ್ಲಿ ಇಂಜಿನ್ನಿಗೆ ಕೆಲಸವಿಲ್ಲ. ಎರಡು ದಿನ ಮಾವನ ಮನೆಯ ಉಪಚಾರ ಮುಗಿಸಿ ವಾಪಸು ಹೊರಟಾಗ ಅತ್ತೆಯವರೂ ನಮ್ಮ ಜೊತೆ ಬಂದರು. ಎರಡು ಹಲಸಿನ ಹಣ್ಣು, ಒಂದು ಚೀಲ ಕುಚ್ಚಲಕ್ಕಿ, ಮನೆಯಲ್ಲೇ ಕುಟ್ಟಿದ ಅರಿಶಿನ ಪುಡಿ, ಬಾಳೆ ಎಲೆಯಲ್ಲಿ ಸುತ್ತಿದ ಉಡುಪಿ ಮಲ್ಲಿಗೆಯೂ ಬಂದವು. ಅತ್ತೆಯವರು ಹಳೆಯ ಕಾಲದವರು, ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದನ್ನೆಲ್ಲ ಮಗಳ ಮೂಲಕ ಹೇಳಿಸುತ್ತಾರೆ, ನಾನು ಮುಂದಿನ ಸೀಟಿನಲ್ಲೇ ಕೂತಿದ್ದರೂ.

ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು. ನಾಲ್ಕನೆಯದರ ಹೊತ್ತಿಗೆ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ತಲೆ ಎತ್ತಿತು. ಎಸಿ ಆರಿಸಿದೆ. ಆರನೆಯದರಲ್ಲಿ ಕೆಂಪು ಗೆರೆಯ ಹತ್ತಿರ. ಆಗ ವಿಡಿಯೋದಲ್ಲಿ ಕಲಿತ ವಿದ್ಯೆಯೊಂದು ನೆನಪಾಯಿತು: ಇಂಜಿನ್ ಕಾದರೆ ಹೀಟರ್ ಹಾಕಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ, ಹೀಟರ್ ಹಾಕಿದರೆ ಬಿಸಿ ಕೂಲಂಟ್ ಅದರೊಳಗೆ ಹರಿದು ಶಾಖವನ್ನು ಕಾರಿನ ಒಳಗೆ ಬಿಡುತ್ತದೆ, ಇಂಜಿನ್ನಿಗೆ ಅಷ್ಟು ಭಾರ ಇಳಿಯುತ್ತದೆ. ಸರಿಯಾದ ವಿದ್ಯೆಯೇ. ಇಡೀ ಒಂದು ತಿಂಗಳಲ್ಲಿ ನಾನು ಮಾಡಿದ ಏಕೈಕ ಸರಿಯಾದ ಕೆಲಸ ಅದು. ಮೇ ತಿಂಗಳ ಮಧ್ಯಾಹ್ನ ಮೂರೂವರೆಗೆ, ಕಿಟಕಿಯಿಂದ ಕೆಂಡದ ಗಾಳಿ ಬರುತ್ತಿರುವಾಗ, ಹೀಟರನ್ನು ತುದಿಮುಟ್ಟ ತಿರುಗಿಸಿದೆ.

ಕಾರು ಬಾಣಂತಿಯ ಕೋಣೆಯಾಯಿತು. ಹಲಸಿನ ಹಣ್ಣಿನ ವಾಸನೆ ಎದ್ದು ಕೂತಿತು. ಮಲ್ಲಿಗೆ ಕಣ್ಣೆದುರೇ ಬಾಡಿತು. ಹಿಂದಿನ ಸೀಟಿನಿಂದ ಅತ್ತೆಯವರು, "ಮಗಾ, ಅವರ ಹತ್ರ ಕೇಳು, ಎಸಿ ಬಿಸಿ ಬರ್ತಾ ಉಂಟಲ್ಲ, ಇದು ಹೊಸ ನಮೂನೆಯದ್ದಾ?" ಎಂದರು.

"ಇಂಜಿನ್ನಿನ ಸೆಕೆಯನ್ನ ನಾವು ತಗೊಳ್ತಾ ಇದ್ದೇವೆ ಅಮ್ಮ," ಎಂದು ಇವಳು ಉತ್ತರ ಕೊಟ್ಟಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಒಂಬತ್ತನೇ ತಿರುವು. ಇದ್ದಕ್ಕಿದ್ದಂತೆ ಹೀಟರಿನಿಂದ ಹಾಯಾದ ಗಾಳಿ ಬೀಸತೊಡಗಿತು. "ಈಗ ಪರವಾಗಿಲ್ಲ ಅಂತ ಹೇಳು. ಸರಿ ಮಾಡಿದ್ರು, ಹುಷಾರಿದ್ದಾರೆ," ಎಂದರು ಅತ್ತೆಯವರು. ಮದುವೆಯಾದ ಹದಿನಾರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಹೀಟರ್ ತಣ್ಣಗೆ ಊದಿದರೆ ಅದರೊಳಗೆ ಹರಿಯಲು ಕೂಲಂಟೇ ಉಳಿದಿಲ್ಲವೆಂದು ಅರ್ಥ ಎನ್ನುವುದು ನನಗೆ ಹೊಳೆದದ್ದೂ, ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಬುಸ್ಸೆಂದು ಎದ್ದದ್ದೂ ಒಂದೇ ಗಳಿಗೆಗೆ.

ಸ್ವಲ್ಪ ಅಗಲವಿದ್ದ ಕಡೆ ನಿಲ್ಲಿಸಿ, ಟವೆಲ್ ಹಿಡಿದು ಬಾನೆಟ್ಟಿಗೆ ನುಗ್ಗಿದೆ. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಹೆಂಡತಿ ಹಿಂದಿನಿಂದ ಅಂಗಿ ಹಿಡಿದೆಳೆದಳು. "ಕುಕ್ಕರಿನ ಮುಚ್ಚಳ ಕೂಗು ಇಳಿಯುವ ಮೊದಲು ತೆಗಿತಾರಾ ಯಾರಾದ್ರೂ?" ಅವಳು ವಿಡಿಯೋ ನೋಡಿದವಳಲ್ಲ. ಆದರೆ ಆ ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ, ಅಷ್ಟು ಬಾರ್ ಒತ್ತಡದವರೆಗೆ ಅದರ ವಾಲ್ವ್ ಬಾಯಿ ಬಿಡುವುದಿಲ್ಲ, ಆ ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಮರುಕ್ಷಣ ಅಷ್ಟೂ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರಿನದ್ದೇ ಲೆಕ್ಕ. ಈ ಒಂದು ಹಿಡಿತಕ್ಕೆ, ನನ್ನ ಮುಖ ಈಗ ಇರುವ ಹಾಗೆ ಇರುವುದಕ್ಕೆ, ನಾನು ಅವಳಿಗೆ ಋಣಿ.

ಮುಕ್ಕಾಲು ಗಂಟೆ ಕಾಯಬೇಕಿತ್ತು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುತ್ತದೆ. ಕೋತಿಗಳು ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತವು. ಅತ್ತೆಯವರು ಚೀಲದಿಂದ ಮಜ್ಜಿಗೆಯ ಬಾಟಲಿ ತೆಗೆದು, "ಉಷ್ಣ ಆಗಿದ್ರೆ ಇದನ್ನು ಹಾಕ್ಬಹುದಾ ಕೇಳು," ಎಂದರು. ಯಾರಿಗೆ ಎಂದು ಕೇಳಲಿಲ್ಲ; ನಾನೇ ಕುಡಿದೆ.

ಸುಮ್ಮನೆ ನಿಂತರೆ ಮಾತು ನನ್ನ ಕಡೆಗೇ ತಿರುಗುತ್ತದೆಂದು ಬೆರ್ತಾ ಬೆಂಜ್ ಕಥೆ ತೆಗೆದೆ. ಕಾರು ಕಂಡುಹಿಡಿದ ಕಾರ್ಲ್ ಬೆಂಜನ ಹೆಂಡತಿ. 1888ರ ಆಗಸ್ಟಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಕಾರು ಓಡಿಸಿಕೊಂಡು ಹೋದಳು, ನೂರು ಕಿಲೋಮೀಟರಿಗೂ ಹೆಚ್ಚು. ಆ ಕಾರಿಗೆ ಈಗಿನಂತೆ ರೇಡಿಯೇಟರ್ ಇರಲಿಲ್ಲ, ನೀರು ಕುದಿದು ಆವಿಯಾಗಿಯೇ ಇಂಜಿನ್ ತಣಿಯಬೇಕು. ಹಾಗಾಗಿ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ತುಂಬಿಸಿದಳು. ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. "ಜಗತ್ತಿನ ಮೊದಲ ದೂರದ ಕಾರು ಪ್ರಯಾಣವೇ ನೀರು ತುಂಬಿಸಿಕೊಂಡು ಹೋದದ್ದು. ನಮ್ಮದೇನು ಮಹಾ?" ಎಂದೆ.

"ಗಂಡ ಎಲ್ಲಿದ್ದ?"

"ಅವನಿಗೆ ಹೇಳದೆ ಹೋಗಿದ್ದಳು."

"ಹಾಗಾಗಿ ತವರಿಗೆ ಮುಟ್ಟಿದಳು," ಎಂದಳು.

ಕೆಳಗಿನಿಂದ ಮಿನಿ ಬಸ್ಸೊಂದು ಏರಿ ಬಂತು. ಕಂಡಕ್ಟರ್ ಇಳಿಯದೆಯೇ ರೋಗ ಗುರುತಿಸಿದ: "ಬಿಸಿ ಆಯ್ತಾ ಮಾರಾಯ್ರೆ?" ಎರಡು ದೊಡ್ಡ ಬಾಟಲಿ ನೀರು ಕೊಟ್ಟ. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಅರಿಶಿನ ಉಂಟಾ? ರೇಡಿಯೇಟರಿಗೆ ಹಾಕಿ. ಸಣ್ಣ ಲೀಕು ಕಚ್ಚಿಕೊಳ್ತದೆ. ಮುಚ್ಚಳ ಅರ್ಧ ತಿರುಗಿಸಿ ಬಿಡಿ, ಪ್ರೆಷರ್ ಆಗೂದು ಬೇಡ," ಎಂದು ಹೊರಟುಹೋದ. ಲಾರಿಯವರ ಹಳೆಯ ಮದ್ದು ಅದು. ಪುಡಿ ನೀರಲ್ಲಿ ನೆನೆದು ಉಬ್ಬಿ ಬಿರುಕಿಗೆ ಕೂರುತ್ತದೆ. ಎಷ್ಟು ಹಾಕಬೇಕೆಂದು ಕೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಪುಡಿ ನಮ್ಮಲ್ಲಿ ಅರ್ಧ ಕೆಜಿ ಇತ್ತು. ಒಂದು ಚಮಚ ಸಾಕಿತ್ತು ಎಂದು ಈಗ ಹೇಳುತ್ತಾರೆ. ಅತ್ತೆಯವರು, "ಅಷ್ಟು ಯಾಕಂತೆ, ಕೇಳು," ಎಂದು ಮಗಳಿಗೆ ಎರಡು ಸಲ ಹೇಳಿದರು. ಮಗಳು ನನಗೆ ದಾಟಿಸಲಿಲ್ಲ. ಬಿಟ್ಟುಬಿಟ್ಟಿದ್ದಳು ಅಂತ ಕಾಣುತ್ತದೆ.

ಮುಚ್ಚಳ ಸಡಿಲಿಸಿದ್ದರಿಂದ ಒತ್ತಡ ಇಲ್ಲ, ಸೋರಿಕೆ ಕಡಿಮೆ. ಆದರೆ ಒತ್ತಡ ಹೋದರೆ ಆ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಒಂದೊಂದು ತಿರುವಿಗೂ ನಿಂತು, ಆರಿಸಿ, ನೀರು ಕುಡಿಸಿ, ಗರ್ಭಿಣಿಯನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋದೆವು. ಸೂರ್ಯಾಸ್ತ ನೋಡುವ ಕಟ್ಟೆ ಮುಟ್ಟುವಾಗ ಸರಿಯಾಗಿ ಸೂರ್ಯ ಮುಳುಗುತ್ತಿದ್ದ. ಎಲ್ಲೆಲ್ಲಿಂದಲೋ ಅದನ್ನೇ ನೋಡಲು ಬಂದ ಐವತ್ತು ಜನರ ಬೆನ್ನು ಸೂರ್ಯನ ಕಡೆಗೆ, ಮುಖ ನಮ್ಮ ಕಾರಿನ ಕಡೆಗೆ. ಬಾನೆಟ್ಟಿನಿಂದ ಎದ್ದ ಹಬೆ ಹೊಂಬಣ್ಣಕ್ಕೆ ತಿರುಗಿ, ನಾನೇ ಹೇಳಬಾರದು, ನೋಡಲು ಚೆನ್ನಾಗಿಯೇ ಇತ್ತು. ಇಬ್ಬರು ಫೋಟೋ ತೆಗೆದುಕೊಂಡರು. ಶಿವಮೊಗ್ಗ ತಲುಪಿದಾಗ ರಾತ್ರಿ ಹನ್ನೊಂದೂವರೆ.

ಮರುದಿನ ಮೆಲ್ಲಗೆ ಗ್ಯಾರೇಜಿಗೆ ಒಯ್ದೆವು. ಇವಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಮೇಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದವರು ಹಾಗೇ ಒಂದು ಗಳಿಗೆ ನಿಂತರು.

"ಏನ್ ಸಾರ್, ರೇಡಿಯೇಟರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದೀರಾ?"

ಪಾನಾ ಹಿಡಿದಿದ್ದ ಹುಡುಗ ಆ ಕಡೆ ತಿರುಗಿ ಭುಜ ಕುಣಿಸಿದ.

ಮೇಸ್ತ್ರಿ ಮುಚ್ಚಳದ ಜಾಗಕ್ಕೆ ಸೈಕಲ್ ಪಂಪಿನಂಥದ್ದೊಂದು ಕೂರಿಸಿ, ಮೀಟರ್ ನೋಡುತ್ತ ಗಾಳಿ ಹೊಡೆದರು. ಮುಳ್ಳು ಏರಿ, ನಿಲ್ಲದೆ ಇಳಿಯಿತು. ಸುಯ್ ಎಂಬ ಸದ್ದು. ಇಷ್ಟೇ ಪರೀಕ್ಷೆ, ಎರಡು ನಿಮಿಷದ್ದು, ಇಂಜಿನ್ ಸ್ಟಾರ್ಟ್ ಮಾಡುವುದೂ ಬೇಡ. ಎಲ್ಲಿಂದ ಎಂದು ಹುಡುಕುವ ಕಷ್ಟವೂ ಬರಲಿಲ್ಲ. ಮೇಲಿನ ಹೋಸಿನ ಮೂತಿಯಲ್ಲಿ, ಕ್ಲಿಪ್ಪಿನ ಅಡಿಯಿಂದ ಅಚ್ಚ ಹಳದಿಯ ಗೆರೆಯೊಂದು ಕೆಳಗಿಳಿದು ಬಾಣ ಬರೆದಂತೆ ತೋರಿಸುತ್ತಿತ್ತು. ಲೀಕು ಹುಡುಕಲೆಂದೇ ಕೂಲಂಟಿಗೆ ಬೆರೆಸುವ ಬಣ್ಣ ಬರುತ್ತದೆ, ದುಡ್ಡು ಕೊಟ್ಟು ತರಬೇಕು. ಅತ್ತೆಯವರ ಅರಿಶಿನ ಸೋರಿಕೆ ನಿಲ್ಲಿಸದಿದ್ದರೂ ಆ ಕೆಲಸ ಮಾಡಿತ್ತು.

"ಮೂತಿ ಸೀಳಿದೆ. ಕ್ಲಿಪ್ ಓವರ್ ಟೈಟ್ ಆಗಿದೆ. ಯಾರು ಸಾರ್ ಮಾಡಿದ್ದು?"

"ಯಾರೋ..." ಎಂದೆ.

"ಇವರೇ," ಎಂದಳು ಹೆಂಡತಿ.

"ಟೈಟ್ ಮಾಡಬೇಕಾದ್ರೆ ಮೊದಲು ಲೀಕ್ ಇತ್ತಾ?"

ಎಡಗಡೆ ಬಿದ್ದ ಹನಿಯ ವೃತ್ತಾಂತ ಹೇಳಿದೆ. ರಟ್ಟು, ಬಣ್ಣವಿಲ್ಲದ ನೀರು, ಕಳ್ಳ ಲೀಕು, ಕಂಠಮಟ್ಟ ತುಂಬಿಸಿದ ಡಬ್ಬಿ, ಎಲ್ಲ. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಕೇಳಿದರು:

"ಅವತ್ತು ಎಸಿ ಹಾಕ್ಕೊಂಡು ಬಂದಿದ್ರಾ?"

ಎಸಿ ಗಾಳಿಯಲ್ಲಿನ ತೇವವನ್ನು ಹಿಂಡುತ್ತದೆ, ಆ ನೀರು ಎಡಗಡೆಯ ಸಣ್ಣ ಪೈಪಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಲೇಬೇಕು, ತೊಟ್ಟಿಕ್ಕದಿದ್ದರೆ ರಿಪೇರಿ ಎಂದು ಅವರು ಮಗುವಿಗೆ ಹೇಳುವಂತೆ ಹೇಳಿದರು. ನಾನು ಹೆಂಡತಿಯ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಅವಳು ಒಂದಕ್ಷರ ಮಾತಾಡದೆ ಗ್ಯಾರೇಜಿನ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಏಕಾದಶಿ ಎಂದು ಬರುತ್ತದೆಂದು ಹುಡುಕುತ್ತಿದ್ದಳು.

ಹೊಸ ರೇಡಿಯೇಟರ್, ಹೊಸ ಹೋಸ್, ಅರಿಶಿನ ಕಚ್ಚಿಕೊಂಡಿದ್ದ ಥರ್ಮೋಸ್ಟಾಟ್, ನಾಲ್ಕು ಲೀಟರ್ ಕೂಲಂಟ್, ಮೂರು ಸಲ ತೊಳೆದ ಮಜೂರಿ. ಒಂಬತ್ತು ಸಾವಿರದ ಇನ್ನೂರು. ಇನ್ನೂರು ಬಿಟ್ಟರು, ನಕ್ಕಿದ್ದಕ್ಕೆ ಇರಬೇಕು. ಮೂರು ಸಲ ತೊಳೆದರೂ ಡಬ್ಬಿಯಲ್ಲಿ ಹಸಿರಿಗೆ ಬದಲು ಎಳೆ ನಿಂಬೆಯ ಬಣ್ಣವೇ ಇದೆ. ಈಗ ನಟ್ಟನಡುವೆ ನಿಂತಿರುತ್ತದೆ. ನಾನು ಮುಟ್ಟುವುದಿಲ್ಲ.

ಮೊನ್ನೆ ಬೆಳಿಗ್ಗೆ ಪೇಪರ್ ಓದುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗುವ ಬದಲು ಬದಿಯಿಂದ ಬುಸುಗುಟ್ಟಿತು, ಬೇಳೆಯ ನೀರು ಒಲೆಯ ಮೇಲೆ ಇಳಿಯಿತು. ನಾನು ಪೇಪರ್ ಮಡಿಸಿದೆ, ಅಷ್ಟೇ. ಒಳಗಿನಿಂದ ಅತ್ತೆಯವರ ದನಿ ಕೇಳಿತು: "ಮಗಾ, ಅವರು ಎದ್ದರು ಕಾಣ್ತದೆ. ಆ ಟೂಲಿನ ಡಬ್ಬಿ ತೆಗೆದು ಒಳಗಿಡು."